ಟ್ರಂಕಿನ ಖಣದಿಂದ ಚೆಂದದ ಜಾಕೀಟು

ನಿಮ್ಮ ಟ್ರಂಕನ್ನೋ ಬೀರುವನ್ನೋ ಒಮ್ಮೆ ತೆಗೆದು ಎಣಿಸಿ ನೋಡಿ. ಎಷ್ಟು ರವಿಕೆ ಖಣಗಳಿವೆ? ಅರಿಶಿನ ಕುಂಕುಮಕ್ಕೆ ಹೋದಾಗ ಕೊಟ್ಟದ್ದು, ಗೃಹಪ್ರವೇಶದಲ್ಲಿ ಬಂದದ್ದು, ತವರಿನಿಂದ ಹೊರಡುವಾಗ ಉಡಿ ತುಂಬಿದ್ದು. ಒಂದು ಯಾವ ಸೀರೆಗೂ ಹೊಂದುವುದಿಲ್ಲ, ಇನ್ನೊಂದರ ಬಣ್ಣ ಮನಸ್ಸಿಗೆ ಹಿಡಿಸುವುದಿಲ್ಲ, ಮತ್ತೊಂದನ್ನು ಹೊಲಿಸಲು ಹೋದರೆ ಟೈಲರಿನ ಮಜೂರಿ ಬಟ್ಟೆಯ ಬೆಲೆಗಿಂತ ಜಾಸ್ತಿ. ಕೊನೆಗೆ ಈ ಮನೆಯಿಂದ ಬಂದ ಖಣ ಆ ಮನೆಗೆ, ಆ ಮನೆಯಿಂದ ಇನ್ನೊಂದು ಮನೆಗೆ ತಿರುಗುತ್ತಲೇ ಇರುತ್ತದೆ. ಕೆಲವು ಖಣಗಳಿಗಂತೂ ಊರಿನ ಎಲ್ಲರ ಮನೆ ವಿಳಾಸವೂ ಬಾಯಿಪಾಠ!

ಬೇರೆ ಖಣಗಳ ಮಾತು ಹೇಗೇ ಇರಲಿ, ಗುಳೇದಗುಡ್ಡದ ಖಣಕ್ಕೆ ಈ ಗತಿ ಬರಬಾರದು. ಬಾಗಲಕೋಟೆ ಜಿಲ್ಲೆಯ ಆ ಊರಿನ ನೇಕಾರರು ರವಿಕೆಗೆಂದೇ ನೇಯುವ ಬಟ್ಟೆ ಇದು. ಎರಡೂ ಅಂಚಿಗೆ ದಡಿ, ನಡುವೆ ಮೈತುಂಬ ಸಣ್ಣ ಸಣ್ಣ ಬುಟ್ಟಾ. ತೇರು, ಆನೆಹೆಜ್ಜೆ ಎಂದು ಆ ಬುಟ್ಟಾಗಳಿಗೆ ಹೆಸರೂ ಉಂಟು. ಇಳಕಲ್ ಸೀರೆಯ ಜೊತೆಗೆ ಈ ಖಣದ ಕುಪ್ಪಸ ತೊಟ್ಟರೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಬೇರೆ ಅಲಂಕಾರವೇ ಬೇಡ. ಇಂಥ ಒಂದು ಖಣ ನಿಮ್ಮ ಹತ್ತಿರ ಇದ್ದರೆ ಅದರಿಂದ ತೋಳಿಲ್ಲದ ಒಂದು ಜಾಕೀಟು ಹೊಲಿಯಬಹುದು. ವೇಸ್ಟ್‌ಕೋಟು ಅಂತೀರೋ, ಕೋಟಿ ಅಂತೀರೋ, ಹೆಸರು ಯಾವುದಾದರೂ ಸರಿ. ಮಗಳು ಕುರ್ತಾದ ಮೇಲೆ ತೊಡಬಹುದು, ನೀವೂ ತೊಡಬಹುದು. ಮುಂಭಾಗ ಎರಡಕ್ಕೂ ಸೇರಿ ಒಂದೇ ಖಣ ಸಾಕು.

ಮನೆಯಲ್ಲಿ ರವಿಕೆ, ಲಂಗ, ದಿಂಬಿನ ಚೀಲ ಹೊಲಿಯುವ ಎಷ್ಟೋ ಸೋದರಿಯರು ಜಾಕೀಟು ಅಂದ ಕೂಡಲೇ “ಅಯ್ಯೋ, ಅದೆಲ್ಲ ಟೈಲರುಗಳ ಕೆಲಸ” ಎಂದು ಹಿಂದೆ ಸರಿಯುತ್ತಾರೆ. ನಿಜ ಹೇಳಬೇಕೆಂದರೆ ರವಿಕೆ ಹೊಲಿಯುವುದೇ ಹೆಚ್ಚು ಕಷ್ಟ. ರವಿಕೆಗೆ ತೋಳು ಕೂರಿಸಬೇಕು, ಡಾರ್ಟು ಹಿಡಿಯಬೇಕು, ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಮೈಗೆ ಕೂರುವುದಿಲ್ಲ. ಈ ಜಾಕೀಟಿಗೆ ತೋಳೂ ಇಲ್ಲ, ಡಾರ್ಟೂ ಇಲ್ಲ. ಇಲ್ಲಿ ಬೇಕಾದದ್ದು ಎರಡೇ: ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ ಎಂಬ ಕ್ರಮ, ಯಾವುದನ್ನು ಮೆಷಿನ್ನಿಗೆ ಬಿಡಬೇಕು, ಯಾವುದನ್ನು ಕೈಯಲ್ಲೇ ಹಾಕಬೇಕು ಎಂಬ ತಿಳಿವಳಿಕೆ.

ರಾಜನ ಉಡುಪು, ಸಿಂಗರನ ಮೆಷಿನ್

ತೋಳಿಲ್ಲದ ಉಡುಪು ನಮ್ಮಲ್ಲಿ ಹೊಸದಲ್ಲ. ಆದರೆ ವೇಸ್ಟ್‌ಕೋಟು ಎಂಬ ಹೆಸರಿನದು ಇಂಗ್ಲೆಂಡಿನಿಂದ ಬಂತು. ಅಲ್ಲಿನ ದೊರೆ ಎರಡನೇ ಚಾರ್ಲ್ಸ್ 1666ರ ಅಕ್ಟೋಬರಿನಲ್ಲಿ ಆಸ್ಥಾನದವರಿಗೆಲ್ಲ ಹೊಸ ಬಗೆಯ ಉಡುಪು ತರುತ್ತೇನೆಂದು ಸಾರಿದ. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಅಧಿಕಾರಿ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮೊದಮೊದಲು ಅದು ಮೊಣಕಾಲಿನವರೆಗೂ ಬರುತ್ತಿತ್ತು. ಬರಬರುತ್ತ ಗಿಡ್ಡವಾಗಿ ಸೊಂಟಕ್ಕೆ ಬಂದು ನಿಂತಿತು. ನಮ್ಮ ದೇಶದಲ್ಲಿ ಜವಾಹರಲಾಲ್ ನೆಹರೂ ಅವರ ತೋಳಿಲ್ಲದ ಜಾಕೀಟನ್ನು ನೋಡದವರು ಯಾರು!

ಹೊಲಿಗೆ ಮೆಷಿನ್ನಿನ ಕಥೆಯೂ ಸ್ವಾರಸ್ಯವಾದದ್ದು. ಅಮೆರಿಕದ ಎಲಿಯಾಸ್ ಹೋ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ತಮ್ಮ ತಮ್ಮ ಯಂತ್ರಗಳಿಗೆ ಪೇಟೆಂಟ್ ಪಡೆದರು. ಯಂತ್ರಗಳನ್ನು ಅಷ್ಟಾಗಿ ಮೆಚ್ಚದ ಗಾಂಧೀಜಿ ಕೂಡ ಹೊಲಿಗೆ ಯಂತ್ರವೊಂದನ್ನು ಹೊಗಳಿದ್ದರು. 1924ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ ಸಂಭಾಷಣೆಯಲ್ಲಿ ಅವರು ಹೇಳಿದ್ದು ಇದು: ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಆ ಯಂತ್ರ ಮಾಡಿದ. ಸಿಂಗರನ ಜೀವನ ಚರಿತ್ರೆ ಬಲ್ಲವರು ಇದನ್ನು ಕೇಳಿ ಸಣ್ಣಗೆ ನಗುತ್ತಾರೆ. ಆತ ಒಬ್ಬಳೇ ಹೆಂಡತಿಗೆ ಕಟ್ಟುಬಿದ್ದ ಗಂಡನಾಗಿರಲಿಲ್ಲ. ಬೇರೆ ಬೇರೆ ಹೆಂಗಸರಿಂದ ಅವನಿಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು! ಹೇಗೋ, ಮೆಷಿನ್ನಿನಿಂದ ದಣಿವು ತಪ್ಪಿದ್ದಂತೂ ಸುಳ್ಳಲ್ಲ.

ಏನೇನು ಬೇಕು

ಎದೆ ಸುತ್ತಳತೆ 36 ಇಂಚು ಇರುವವರ ಲೆಕ್ಕ ಇಲ್ಲಿ ಕೊಟ್ಟಿದೆ. 80 ಸೆಂಟಿಮೀಟರ್ ಉದ್ದದ ಖಣ ಒಂದು. ಬೆನ್ನಿಗೂ ಒಳಗಿನ ಅಸ್ತರಿಗೂ ಸೇರಿಸಿ 36 ಇಂಚು ಪನ್ನದ ತೆಳು ಕಾಟನ್ ಬಟ್ಟೆ ಎರಡು ಮೀಟರು. ಲೆಕ್ಕಕ್ಕೆ ಒಂದು ಮುಕ್ಕಾಲು ಮೀಟರು ಸಾಕು, ಆದರೆ ನೀರಿಗೆ ಹಾಕಿದರೆ ಸ್ವಲ್ಪ ಕುಗ್ಗುತ್ತದೆ. ಜೇಬಿಗೆ ಕಪ್ಪು ಮ್ಯಾಟಿ ಬಟ್ಟೆ ಕಾಲು ಮೀಟರು, ಕಸೂತಿಗೆ ಆರೆಳೆಯ ದಾರದ ಲಡಿ ಎರಡು ಮೂರು ಬಣ್ಣದ್ದು. ಖಣದ ಬಣ್ಣಕ್ಕೆ ಹೊಂದುವ ಮೆಷಿನ್ ದಾರದ ರೀಲು. ಕಚ್ಚಾ ಹೊಲಿಗೆಗೆ ಬಿಳಿ ದಾರ. ಮಾದರಿ ಕತ್ತರಿಸಲು ಹಳೆಯ ಪತ್ರಿಕೆ.

ಬೆನ್ನಿಗೂ ಖಣವನ್ನೇ ಹಾಕಬೇಕೆಂದು ಕೆಲವರಿಗೆ ಆಸೆ. ಹಾಕಬಾರದೆಂದೇನಿಲ್ಲ, ಆದರೆ ಅದೇ ಬಣ್ಣದ ಇನ್ನೊಂದು ಖಣ ಸಿಗಬೇಕು. ಕೋಟಿನೊಳಗೆ ತೊಡುವ ವೇಸ್ಟ್‌ಕೋಟಿಗೂ ಬೆನ್ನು ಅಸ್ತರಿನ ಬಟ್ಟೆಯದೇ ಇರುತ್ತದೆ, ಅದರಲ್ಲಿ ಅವಮಾನವೇನೂ ಇಲ್ಲ. ದಡಿಯ ಬಣ್ಣವನ್ನೇ ಹೋಲುವ ಬಟ್ಟೆ ಆರಿಸಿದರೆ ನೋಡಲು ಇನ್ನೂ ಲಕ್ಷಣ.

ಕಾಟನ್ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿ. ಖಣವನ್ನು ನೆನೆಹಾಕಬೇಡಿ. ಅದರ ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಕರವಸ್ತ್ರದಿಂದ ಒತ್ತಿ ನೋಡಿ. ಬಣ್ಣ ಹತ್ತಿದರೆ ಈ ಜಾಕೀಟು ಮುಂದೆ ಡ್ರೈ ಕ್ಲೀನಿಂಗಿಗೇ ಹೋಗಬೇಕು ಎಂದು ತಿಳಿಯಿರಿ. ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿದೂ ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ರೇಷ್ಮೆ, ಕರಗಿ ಮಣಿಯಂತೆ ಗಟ್ಟಿಯಾದರೆ ಪಾಲಿಯೆಸ್ಟರ್. ಅಡ್ಡ ಎಳೆ, ಉದ್ದ ಎಳೆ ಎರಡನ್ನೂ ಬೇರೆ ಬೇರೆ ಪರೀಕ್ಷಿಸಿ. ಇದು ಕೊಂಡವರನ್ನು ದೂರುವುದಕ್ಕಲ್ಲ, ಇಸ್ತ್ರಿಯ ಬಿಸಿ ಎಷ್ಟಿರಬೇಕೆಂದು ತಿಳಿಯುವುದಕ್ಕೆ. ಎರಡಕ್ಕೂ ಮೇಲೆ ತೆಳುಬಟ್ಟೆ ಹಾಸಿಯೇ ಇಸ್ತ್ರಿ ಆಡಿಸಬೇಕು.

ಕತ್ತರಿ ಹಾಕುವ ಮುನ್ನ

ನಮಗೆ ಪರಿಚಯದ ಬಾಗಲಕೋಟೆ ಕಡೆಯ ಸೋದರಿಯೊಬ್ಬರ ಹತ್ತಿರ ಒಂದು ಖಣವಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ ತವರಿನವರು ಕುಬಸ ಮಾಡಿ, ತಾಯಿ ಉಡಿಗೆ ಹಾಕಿದ ಖಣ. ತಾಯಿ ಈಗಿಲ್ಲ. ಮಗಳಿಗೆ ಇಪ್ಪತ್ತು ವರ್ಷ. ಅಷ್ಟು ವರ್ಷವೂ ಖಣ ಟ್ರಂಕಿನಲ್ಲೇ ಮಡಿಕೆ ಬಿಚ್ಚದೆ ಕೂತಿತ್ತು. ಮಗಳ ಕಾಲೇಜಿನ ಸಮಾರಂಭಕ್ಕೆ ಅದರಲ್ಲಿ ಜಾಕೀಟು ಹೊಲಿಯಲು ಇವರು ಹೊರಟಾಗ ಅತ್ತೆಯವರು ತಡೆದರು.

“ಏನವಾ, ತವರಿನ ಉಡಿ ಖಣಕ್ಕ ಕತ್ತರಿ ಹಾಕ್ತೀಯೇನ? ಅದೂ ಜಾಕೀಟಿಗೆ?”

“ಇಟ್ಟು ಏನ್ ಮಾಡ್ಲಿ ಅತ್ತಿ? ನೋಡ್ರಿಲ್ಲೆ, ಮಡಿಕಿ ಮ್ಯಾಲೇ ಹರಿಯಾಕ ಹತ್ತೇತಿ.”

ಅತ್ತೆ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಹೌದು, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರಂತೆ: “ಹಂಗಾದ್ರ ಮೊದಲ ನಿಮ್ಮ ಮಾವನ ಹಳೀ ಧೋತ್ರದಾಗ ಹೊಲದು ತೋರ್ಸು. ಅದು ಸರಿ ಬಂದ್ರ ಇದಕ್ಕ ಕೈ ಹಚ್ಚು. ನಿಮ್ಮವ್ವ ಮತ್ತೊಂದು ಖಣ ಕೊಡಾಕ ಬರೂದಿಲ್ಲ.”

ಯಾವ ಹೊಲಿಗೆ ತರಗತಿಯಲ್ಲೂ ಇದಕ್ಕಿಂತ ಒಳ್ಳೆಯ ಪಾಠ ಹೇಳಿಕೊಡುವುದಿಲ್ಲ. ಉಡಿಗೆ ಬಂದದ್ದನ್ನು ಕತ್ತರಿಸಬಹುದೇ ಎಂಬುದು ಅವರವರ ಮನೆಯ ನಂಬಿಕೆ. ನಮ್ಮನ್ನು ಕೇಳಿದರೆ, ಕೊಟ್ಟವರು ತೊಡಲೆಂದೇ ಕೊಟ್ಟದ್ದು. ಖಣ ಎಂಬುದೇ ಕುಪ್ಪಸದ ಬಟ್ಟೆ, ಕತ್ತರಿ ಕಾಣದೆ ಅದು ಕುಪ್ಪಸವಾಗುವುದಾದರೂ ಹೇಗೆ? ಆದರೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ಮುಂದುವರಿಯುವುದು ಒಳ್ಳೆಯದು. ಹಾಗೆ ಕೇಳಿದ್ದರಿಂದಲೇ ಆ ಸೋದರಿಗೆ ಧೋತ್ರದ ಉಪಾಯ ಸಿಕ್ಕಿತು.

ಹಳೆಯ ಧೋತ್ರ ಇಲ್ಲವೆ ಹಾಸಿಗೆ ಹೊದಿಕೆಯಲ್ಲಿ ಎರಡು ಮುಂಭಾಗ, ಒಂದು ಬೆನ್ನು ಕತ್ತರಿಸಿ, ಭುಜ ಮತ್ತು ಮಗ್ಗುಲನ್ನು ಮಾತ್ರ ಕಚ್ಚಾ ಹೊಲಿಗೆಯಲ್ಲಿ ಜೋಡಿಸಿ. ಯಾರು ತೊಡುತ್ತಾರೋ ಅವರಿಗೆ ಕುರ್ತಾದ ಮೇಲೆ ಹಾಕಿಸಿ ಕೈ ಎತ್ತಿಸಿ, ಕೂರಿಸಿ, ಬಗ್ಗಿಸಿ ನೋಡಿ. ಕಂಕುಳಲ್ಲಿ ಕಡಿಯುತ್ತಿದೆಯೇ? ಅಲ್ಲಿ ಕಾಲು ಇಂಚು ಕೆಳಗೆ ಇಳಿಸಿ. ಕುತ್ತಿಗೆಯ ಹತ್ತಿರ ಜೋತು ಬೀಳುತ್ತಿದೆಯೇ? ಭುಜದಲ್ಲಿ ಕಾಲು ಇಂಚು ಹಿಡಿಯಿರಿ. ಮುಂದೆ ಎರಡೂ ಅಂಚು ಒಂದಕ್ಕೊಂದು ತಾಗದೆ ದೂರ ನಿಲ್ಲುತ್ತಿದೆಯೇ? ಮಗ್ಗುಲಿಗೆ ಅರ್ಧ ಇಂಚು ಸೇರಿಸಿ. ಏನೇನು ಬದಲಾಯಿಸಿದಿರೋ ಅದನ್ನೆಲ್ಲ ಕಾಗದದ ಮಾದರಿಯಲ್ಲೂ ತಿದ್ದಿಕೊಳ್ಳಿ. ಅರ್ಧ ಮಧ್ಯಾಹ್ನದ ಕೆಲಸ.

ಅಳತೆ ಹಾಕುವುದು

ಪತ್ರಿಕೆಯ ಹಾಳೆ ಅಂಟಿಸಿ 10 ಇಂಚು ಅಗಲ, 21 ಇಂಚು ಉದ್ದದ ಚೌಕ ಎಳೆಯಿರಿ. ಎದೆಯ ಸುತ್ತಳತೆಯ ಕಾಲುಭಾಗ 9, ಸಡಿಲಕ್ಕೆ 1, ಒಟ್ಟು 10. ಎಡಗಡೆಯ ಗೆರೆ ಮುಂದಿನ ನಡು, ಬಲಗಡೆಯದು ಮಗ್ಗುಲು. ಮೇಲಿನ ಗೆರೆಯಲ್ಲಿ ಎಡದಿಂದ 3 ಇಂಚಿಗೆ ಒಂದು ಗುರುತು, ಅದು ಕುತ್ತಿಗೆಯ ಅಗಲ. 7 ಇಂಚಿಗೆ ಇನ್ನೊಂದು ಗುರುತು ಹಾಕಿ ಅಲ್ಲಿಂದ 1 ಇಂಚು ಕೆಳಗೆ ಚುಕ್ಕೆ ಇಡಿ, ಅದು ಭುಜದ ತುದಿ. 3 ಇಂಚಿನ ಗುರುತಿನಿಂದ ಈ ಚುಕ್ಕೆಗೆ ಗೆರೆ ಎಳೆದರೆ ಭುಜದ ಇಳಿಜಾರು ಸಿಕ್ಕಿತು. ಎಡ ಗೆರೆಯಲ್ಲಿ ಮೇಲಿನಿಂದ 6 ಇಂಚು ಕೆಳಗೆ ಗುರುತಿಸಿ, ಅಲ್ಲಿಂದ ಕುತ್ತಿಗೆಯ ಗುರುತಿಗೆ ದುಂಡಗೆ ಸೇರಿಸಿ. ಬಲ ಗೆರೆಯಲ್ಲಿ ಮೇಲಿನಿಂದ 9 ಇಂಚು ಕೆಳಗೆ ಕಂಕುಳ ಗುರುತು. ಭುಜದ ತುದಿಯಿಂದ ಕೆಳಗಿಳಿದು ಅಲ್ಲಿಗೆ ತಿರುವು ಕೊಡಿ.

ಬೆನ್ನಿಗೂ ಇದೇ ಚೌಕ. ಎರಡೇ ವ್ಯತ್ಯಾಸ: ಕುತ್ತಿಗೆಯ ಆಳ 1 ಇಂಚು ಸಾಕು, ಕಂಕುಳ ತಿರುವು ಮುಂಭಾಗದಷ್ಟು ಒಳಗೆ ಹೋಗಬಾರದು. ಬೆನ್ನಿನ ನಡುಗೆರೆಯನ್ನು ಬಟ್ಟೆಯ ಮಡಿಕೆಯ ಮೇಲಿಟ್ಟು ಒಂದೇ ತುಂಡಾಗಿ ಕತ್ತರಿಸಬೇಕು. ಸೊಂಟದ ಕೆಳಗೆ ಅಳತೆ ಜಾಸ್ತಿ ಇರುವವರು ಮಗ್ಗುಲ ಗೆರೆಯನ್ನು ಕೆಳತುದಿಯಲ್ಲಿ ಒಂದು ಇಂಚು ಹೊರಗೆ ತನ್ನಿ.

ಕಾಗದದ ಅಳತೆಗೆ ಹೊಲಿಗೆಯ ಜಾಗ ಸೇರಿಲ್ಲ. ಭುಜ, ಮಗ್ಗುಲು, ಕೆಳ ಅಂಚಿಗೆ ಅರ್ಧ ಇಂಚು. ಮುಂದಿನ ಅಂಚು, ಕುತ್ತಿಗೆ, ಕಂಕುಳಿಗೆ ಕಾಲು ಇಂಚು ಬಿಟ್ಟು ಕತ್ತರಿಸಿ.

ದಡಿ ಎಲ್ಲಿ ಬರಬೇಕು?

ಈ ಜಾಕೀಟಿನ ಅಂದವೆಲ್ಲ ಇರುವುದು ಇಲ್ಲೇ. ಖಣದ ಎರಡೂ ಅಂಚಿನಲ್ಲಿ ದಡಿ ಇದೆಯಲ್ಲ, ಎಡಗಡೆಯ ದಡಿ ಒಂದು ಮುಂಭಾಗಕ್ಕೆ, ಬಲಗಡೆಯ ದಡಿ ಇನ್ನೊಂದಕ್ಕೆ. ಕಾಗದದ ಮಾದರಿಯ ನಡುಗೆರೆಯನ್ನು ದಡಿಯ ಅಂಚಿನಿಂದ ಕಾಲು ಇಂಚು ಒಳಗೆ ಇಡಿ. ಆಗ ಜಾಕೀಟು ತೊಟ್ಟಾಗ ಎದೆಯ ನಡುವೆ ಎರಡು ದಡಿಗಳೂ ಪಕ್ಕಪಕ್ಕ ಮೇಲಿಂದ ಕೆಳಗೆ ಇಳಿಯುತ್ತವೆ. ಬೇರೆ ಲೇಸು, ಜರಿಪಟ್ಟಿ ಯಾವುದೂ ಬೇಡ. ಅಂಗಡಿಯಿಂದ ಜಗಜಗಿಸುವ ಲೇಸು ತಂದು ಗುಳೇದಗುಡ್ಡದ ಖಣದ ಮೇಲೆ ಅಂಟಿಸುವವರನ್ನು ಕಂಡರೆ ನಮಗಂತೂ ಕೈ ಹಿಡಿದು ನಿಲ್ಲಿಸೋಣ ಅನ್ನಿಸುತ್ತದೆ.

ಖಣದ ಪನ್ನ 30 ಇಂಚಿನ ಆಸುಪಾಸು ಇದ್ದರೆ ಎರಡು ಮುಂಭಾಗಕ್ಕೆ ಇಪ್ಪತ್ತೊಂದೂವರೆ ಇಂಚು ಹೋಗಿ ನಡುವೆ ಎಂಟು ಒಂಬತ್ತು ಇಂಚಿನ ಪಟ್ಟಿ ಉಳಿಯುತ್ತದೆ. ಅದನ್ನು ಎಸೆಯಬೇಡಿ. ಬುಟ್ಟಾಗಳಿಗೆ ತಲೆ-ಬುಡ ಇದೆಯೇ ನೋಡಿ. ತೇರು ಇದ್ದರೆ ಎರಡೂ ಮುಂಭಾಗದಲ್ಲಿ ಅದರ ಕಳಶ ಮೇಲಕ್ಕೇ ಇರಬೇಕು. ಒಂದು ಕಡೆ ತೇರು ನಿಂತು ಇನ್ನೊಂದು ಕಡೆ ತಲೆಕೆಳಗಾದರೆ ನೋಡಿದವರು ಸುಮ್ಮನಿರುತ್ತಾರೆಯೇ? ಎರಡೂ ಕಡೆಯ ಬುಟ್ಟಾ ಸಾಲುಗಳು ಒಂದೇ ಮಟ್ಟದಲ್ಲಿ ಬರುವಂತೆಯೂ ಮಾದರಿ ಇಡಿ.

ಮಡಿಕೆಯಲ್ಲಿ ಸೀಳಿದ ಖಣವಾದರೆ ಆ ಗೆರೆ ನಡುವಿನ ಪಟ್ಟಿಗೆ ಬರುವಂತೆ ನೋಡಿಕೊಳ್ಳಿ. ಸಾಧ್ಯವಾಗದಿದ್ದರೆ ಜೇಬಿನ ಕೆಳಗೆ ಅಡಗಿಸಿ. ಬಾಗಲಕೋಟೆಯ ಆ ಸೋದರಿ ಮಾಡಿದ್ದು ಹೀಗೆಯೇ. ಬಲಗಡೆಯ ಜೇಬಿನ ಹಿಂದೆ ಸೀಳು ಇದೆ ಎಂದು ಅವರಿಗೂ ಅತ್ತೆಗೂ ಬಿಟ್ಟರೆ ಬೇರೆಯವರಿಗೆ ಗೊತ್ತಾಗುವುದಿಲ್ಲ. ಬಟ್ಟೆಯೇ ಜೀರ್ಣವಾಗಿದ್ದರೆ ಮುಂಭಾಗದ ಅಳತೆಗೇ ಮಲ್‌ಮಲ್ ಕತ್ತರಿಸಿ, ಖಣದ ಹಿಂದೆ ಇಟ್ಟು, ಸುತ್ತಲೂ ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆ ಎಂಬಂತೆ ಹೊಲಿಯಿರಿ.

ಖಣದ ಎಳೆ ಬಿಚ್ಚಿಕೊಳ್ಳುವುದು ಬೇಗ. ಕತ್ತರಿಸಿದ ಕೂಡಲೇ ಕುತ್ತಿಗೆ ಮತ್ತು ಕಂಕುಳ ತಿರುವಿನ ಅಂಚಿಗೆ, ಒಂದೆರಡು ನೂಲಷ್ಟು ಒಳಗೆ, ಮೆಷಿನ್ನಿನಲ್ಲಿ ಒಂದು ಸಾಲು ಹೊಲಿಗೆ ಓಡಿಸಿ. ತಿರುವು ಎಳೆದು ಹಿಗ್ಗುವುದೂ ಇದರಿಂದ ತಪ್ಪುತ್ತದೆ. ಭುಜ ಮತ್ತು ಮಗ್ಗುಲ ಅಂಚನ್ನು ಕೈಯಲ್ಲೇ ಸುತ್ತುಹೊಲಿಗೆ ಹಾಕಿ ಭದ್ರ ಮಾಡಿ.

ಜೇಬಿಗೆ ಕಸೂತಿ

ಖಣದ ಮೇಲೆ ಕಸೂತಿ ಹಾಕುವುದು ವ್ಯರ್ಥ ಶ್ರಮ. ನೇಯ್ಗೆಯಲ್ಲೇ ಅಷ್ಟು ಬುಟ್ಟಾ ಇರುವಾಗ ನಿಮ್ಮ ಹೊಲಿಗೆ ಕಾಣುವುದಿಲ್ಲ. ಕಪ್ಪು ಮ್ಯಾಟಿಯ ಎರಡು ಪುಟ್ಟ ಜೇಬಿನ ಮೇಲಾದರೆ ಎದ್ದು ಕಾಣುತ್ತದೆ.

ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಹೊಸಬರಿಗೆ ಗವಂತಿ ಸುಲಭ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ; ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುವುದು. ಹಿಂದೆ ಮುಂದೆ ಒಂದೇ ರೀತಿ ಕಾಣುತ್ತದೆ. ಗಂಟು ಹಾಕಬಾರದು, ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಿ ಮುಗಿಸಬೇಕು. ಗೋಪುರವೋ ತುಳಸಿ ವೃಂದಾವನವೋ ಒಂದು ಸಣ್ಣ ನಮೂನೆಯನ್ನು ಚೌಕುಳಿ ಕಾಗದದ ಮೇಲೆ ಬರೆದು ಎದುರಿಗೆ ಇಟ್ಟುಕೊಳ್ಳಿ. ಆರೆಳೆಯ ದಾರದಲ್ಲಿ ಎರಡೆಳೆ ಸಾಕು.

ಜೇಬಿನ ಅಳತೆ 4 ಇಂಚು ಅಗಲ, ನಾಲ್ಕೂವರೆ ಉದ್ದ. ಆದರೆ ಕಸೂತಿ ಹಾಕುವಾಗ 7 ಇಂಚಿನ ಚೌಕವೇ ಇರಲಿ. ಕೈಯಲ್ಲಿ ಹಿಡಿಯಲು ಜಾಗ ಬೇಕು, ಮ್ಯಾಟಿಯ ಅಂಚೂ ಬೇಗ ಬಿಚ್ಚಿಕೊಳ್ಳುತ್ತದೆ. ಕಸೂತಿ ಪೂರ್ತಿ ಮುಗಿದ ಮೇಲೆ, ನಮೂನೆ ನಡುವೆ ಬರುವಂತೆ ಗುರುತು ಮಾಡಿ, ಹೊಲಿಗೆಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಮೇಲಿನ ಅಂಚು ಮಡಿಸಿ ಕೈಹೊಲಿಗೆ ಹಾಕಿ, ಉಳಿದ ಮೂರು ಅಂಚು ಒಳಗೆ ಮಡಿಸಿ ಇಸ್ತ್ರಿ ಮಾಡಿ, ಮುಂಭಾಗದ ಮೇಲಿಟ್ಟು ಮೆಷಿನ್ನಿನಲ್ಲಿ ಹೊಲಿಯಿರಿ. ಅಸ್ತರು ಜೋಡಿಸುವ ಮೊದಲೇ ಜೇಬು ಕೂತಿರಬೇಕು.

ಮೆಷಿನ್ನಿನ ಮುಂದೆ

ಖಣಕ್ಕೆ 11ನೇ ನಂಬರಿನ ಹೊಸ ಸೂಜಿ ಹಾಕಿ. ಮೊಂಡು ಸೂಜಿ ಎಳೆ ಎಳೆಯುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಆ ಗೆರೆ ಹೋಗುವುದಿಲ್ಲ. ಜೇಬಿನ ಮ್ಯಾಟಿಗೆ 14ನೇ ನಂಬರು ಸರಿ. ಮೊದಲು ಚೂರು ಬಟ್ಟೆಯ ಮೇಲೆ ಹೊಲಿದು ನೋಡಿ. ಬಾಬಿನ್ ದಾರ ಮೇಲೆ ಇಣುಕುತ್ತಿದ್ದರೆ ಮೇಲಿನ ದಾರ ಬಿಗಿಯಾಗಿದೆ ಎಂದರ್ಥ, ಟೆನ್ಷನ್ ತಿರುಪನ್ನು ಸ್ವಲ್ಪ ಸಡಿಲಿಸಿ. ಕೆಳಗೆ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಮೇಲಿನ ದಾರ ಸಡಿಲ.

ಇನ್ನು ಕ್ರಮ. ಹೊರಬಟ್ಟೆಯ ಎರಡು ಮುಂಭಾಗಗಳನ್ನು ಬೆನ್ನಿಗೆ ಭುಜದಲ್ಲಿ ಮಾತ್ರ ಜೋಡಿಸಿ. ಅಸ್ತರಿನದನ್ನೂ ಹಾಗೆಯೇ. ಮಗ್ಗುಲನ್ನು ಈಗಲೇ ಹೊಲಿಯಬೇಡಿ. ರವಿಕೆ ಹೊಲಿದು ರೂಢಿಯಾದ ಕೈ ತಾನಾಗಿ ಮಗ್ಗುಲಿಗೆ ಹೋಗುತ್ತದೆ. ಅಲ್ಲಿ ಹೊಲಿದುಬಿಟ್ಟರೆ ಮುಂದೆ ಮಗುಚುವುದಕ್ಕೆ ದಾರಿಯೇ ಇರುವುದಿಲ್ಲ.

ಹೊರಬಟ್ಟೆ, ಅಸ್ತರು ಎರಡನ್ನೂ ಮುಖಕ್ಕೆ ಮುಖ ಮಾಡಿ ಹಾಸಿ, ಭುಜಕ್ಕೆ ಭುಜ ಕೂಡಿಸಿ, ಸುತ್ತಲೂ ಕಚ್ಚಾ ಹೊಲಿಗೆ ಹಾಕಿ. ಹಾಕುವಾಗ ಅಸ್ತರನ್ನು ಅಂಚಿನಲ್ಲಿ ಒಂದು ನೂಲಷ್ಟು ಹೊರಗೆಳೆದು, ಆ ಹೆಚ್ಚಾದದ್ದನ್ನು ಕತ್ತರಿಸಿಬಿಡಿ. ಅಸ್ತರು ಸ್ವಲ್ಪ ಚಿಕ್ಕದಾದರೆ ಅದು ಹೊರಗೆ ಇಣುಕುವುದಿಲ್ಲ. ಈಗ ಮೆಷಿನ್ನಿನಲ್ಲಿ, ಒಂದು ಮುಂಭಾಗದ ಕೆಳತುದಿಗೆ ಅರ್ಧ ಇಂಚು ಬಿಟ್ಟು ಶುರುಮಾಡಿ, ಮುಂದಿನ ಅಂಚಿನಲ್ಲಿ ಮೇಲೆ ಹೋಗಿ, ಕುತ್ತಿಗೆ ಸುತ್ತಿ, ಇನ್ನೊಂದು ಮುಂಭಾಗದಲ್ಲಿ ಇಳಿದು, ಅಲ್ಲಿಯೂ ಅರ್ಧ ಇಂಚು ಮೇಲೆ ನಿಲ್ಲಿಸಿ. ಆಮೇಲೆ ಎರಡು ಕಂಕುಳ ಸುತ್ತು. ಮಗ್ಗುಲು, ಕೆಳ ಅಂಚು ತೆರೆದೇ ಇರಲಿ. ತಿರುವು ಇರುವಲ್ಲೆಲ್ಲ ಅರ್ಧ ಅರ್ಧ ಇಂಚಿಗೆ ಒಂದರಂತೆ ಹೊಲಿಗೆಯ ತನಕ ಕತ್ತರಿಯ ತುದಿಯಿಂದ ಕಚ್ಚು ಕೊಡಿ, ಹೊಲಿಗೆಗೆ ತಾಗದಂತೆ ಜೋಪಾನ.

ಬೆನ್ನಿನ ಕೆಳಗಿನಿಂದ ಎರಡು ಪದರಗಳ ನಡುವೆ ಕೈ ಹಾಕಿ, ಭುಜದ ಸಂದಿಯೊಳಗಿನಿಂದ ಒಂದು ಮುಂಭಾಗವನ್ನು ಹಿಡಿದು ಮೆಲ್ಲಗೆ ಹೊರಗೆ ಎಳೆಯಿರಿ. ಆಮೇಲೆ ಇನ್ನೊಂದು. ಮೊದಲ ಸಲ ನೋಡುವವರಿಗೆ ಇದು ಜಾದೂವಿನಂತೆ ಕಾಣುತ್ತದೆ. ಒಳಗಿದ್ದದ್ದೆಲ್ಲ ಹೊರಗೆ ಬಂದು, ಕುತ್ತಿಗೆ, ಕಂಕುಳು, ಮುಂದಿನ ಅಂಚು ಎಲ್ಲವೂ ಒಂದು ದಾರವೂ ಕಾಣದಂತೆ ಮುಗಿದಿರುತ್ತದೆ. ಇಸ್ತ್ರಿ ಮಾಡಿ.

ಈಗ ಮಗ್ಗುಲು. ಹೊರಬಟ್ಟೆಯ ಮುಂಭಾಗಕ್ಕೆ ಹೊರಬಟ್ಟೆಯ ಬೆನ್ನು, ಅಸ್ತರಿಗೆ ಅಸ್ತರು, ಮುಖಕ್ಕೆ ಮುಖ ಸೇರಿಸಿ. ಕಂಕುಳ ಹೊಲಿಗೆಗಳು ಎದುರುಬದುರಾಗಿ ಕೂಡಬೇಕು, ಅಲ್ಲೊಂದು ಗುಂಡುಪಿನ್ನು ಚುಚ್ಚಿ. ಹೊರಬಟ್ಟೆಯ ಕೆಳತುದಿಯಿಂದ ಶುರುಮಾಡಿ ಕಂಕುಳು ದಾಟಿ ಅಸ್ತರಿನ ಕೆಳತುದಿಯವರೆಗೆ ಒಂದೇ ಉದ್ದ ಗೆರೆಯಾಗಿ ಹೊಲಿಯಿರಿ. ಮೆಷಿನ್ನಿನ ಕೆಲಸ ಇಲ್ಲಿಗೆ ಮುಗಿಯಿತು.

ಉಳಿದದ್ದು ಕೈಗೆ

ಕೆಳ ಅಂಚನ್ನೂ ಮೆಷಿನ್ನಿನಲ್ಲೇ ಓಡಿಸಿಬಿಟ್ಟರೆ ಹತ್ತು ನಿಮಿಷದ ಕೆಲಸ, ನಿಜ. ಆದರೆ ನಲವತ್ತು ಇಂಚಿನ ಆ ಒಂದು ಗೆರೆಯೇ ಮನೆಯಲ್ಲಿ ಅವಸರದಿಂದ ಹೊಲಿದದ್ದು ಎಂದು ಸಾರಿ ಹೇಳುತ್ತದೆ. ಹೊರಬಟ್ಟೆಯನ್ನು ಅರ್ಧ ಇಂಚು ಒಳಗೆ ಮಡಿಸಿ, ಅಸ್ತರನ್ನು ಅದಕ್ಕಿಂತ ಕಾಲು ಇಂಚು ಮೇಲೆ ನಿಲ್ಲುವಂತೆ ಮಡಿಸಿ, ಮಡಿಕೆಯೊಳಗೇ ಸೂಜಿ ಓಡಿಸಿ ಹೆಮ್ಮಿಂಗ್ ಹಾಕಿ. ದಾರ ಬಿಗಿಯಾಗಿ ಎಳೆದರೆ ಅಂಚು ಸುಕ್ಕಾಗುತ್ತದೆ.

ಮುಂದಿನ ಅಂಚು ಮತ್ತು ಕುತ್ತಿಗೆಗೆ ಇನ್ನೊಂದು ಕೈಹೊಲಿಗೆ. ಅಂಚಿನಿಂದ ಒಂದೆರಡು ನೂಲು ಒಳಗೆ, ಅಸ್ತರಿನ ಕಡೆಯಿಂದ, ತೀರಾ ಪುಟ್ಟ ಬ್ಯಾಕ್ ಸ್ಟಿಚ್ ಕಾಲು ಇಂಚಿಗೆ ಒಂದರಂತೆ ಹಾಕುತ್ತ ಹೋಗಿ. ಸೂಜಿ ಹೊರಬಟ್ಟೆಯ ಒಳಮಡಿಕೆಯನ್ನು ಮಾತ್ರ ಹಿಡಿಯಬೇಕು, ಮುಖಕ್ಕೆ ಬರಬಾರದು. ಇದನ್ನು ಹಾಕಿದ ಜಾಕೀಟಿನ ಅಂಚು ಎಷ್ಟು ಸಲ ತೊಟ್ಟರೂ ಹೊರಳಿಕೊಳ್ಳುವುದಿಲ್ಲ. ಎರಡು ಮಧ್ಯಾಹ್ನ ಹಿಡಿಯುತ್ತದೆ. ರೇಡಿಯೋ ಹಾಕಿಕೊಂಡು ಕೂತರೆ ಗೊತ್ತೇ ಆಗುವುದಿಲ್ಲ.

ಎರಡು ಅಂಚುಗಳು ತಾಗಿ ನಿಲ್ಲುವ ಜಾಕೀಟಾದ್ದರಿಂದ ಕಾಜಾ ಕತ್ತರಿಸುವ ಕೆಲಸವಿಲ್ಲ. ಬಲ ಅಂಚಿನಲ್ಲಿ ದಾರವನ್ನು ನಾಲ್ಕು ಸಲ ಆಚೀಚೆ ಎಳೆದು ಗುಂಡಿ ನುಸುಳುವಷ್ಟು ಕುಣಿಕೆ ಮಾಡಿ, ಅದರ ಮೇಲೆ ಒತ್ತಾಗಿ ಕಾಜಾ ಹೊಲಿಗೆ ಸುತ್ತಿ. ಎಡ ಅಂಚಿಗೆ ಗುಂಡಿ. ಇಂಥವು ಎರಡಿದ್ದರೆ ಧಾರಾಳ.

ಯಾರಾದರೂ ಕೇಳಿದರೆ

ಇಂಥದ್ದೊಂದು ತೊಟ್ಟು ಮಗಳು ಹೊರಗೆ ಹೋಗಿ ಬಂದಳೆಂದರೆ ಮಾರನೆಯ ದಿನವೇ ಯಾರಾದರೂ ಬಾಗಿಲಿಗೆ ಬರುತ್ತಾರೆ. “ನೀವು ಹೇಗೂ ಮನೇಲೇ ಇರ್ತೀರಲ್ಲ, ನಮ್ಮ ಹುಡುಗಿಗೂ ಒಂದು ಹೊಲಿದುಕೊಡ್ರಿ.” ಅಕ್ಕ-ತಂಗಿ, ನಾದಿನಿಯ ಮಕ್ಕಳಿಗಾದರೆ ಅದು ಪ್ರೀತಿಯ ಮಾತು. ಉಳಿದವರಿಗೆ ಮೊದಲೇ ಮಜೂರಿ ಹೇಳಿಬಿಡುವುದು ಒಳ್ಳೆಯದು. ನಮ್ಮ ಹೆಣ್ಣುಮಕ್ಕಳು ಬಟ್ಟೆಯ ಖರ್ಚು, ದಾರದ ಖರ್ಚು ಸರಿಯಾಗಿ ಲೆಕ್ಕ ಹಾಕುತ್ತಾರೆ, ತಮ್ಮ ಮಧ್ಯಾಹ್ನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಊರಿನ ಟೈಲರ್ ಅಸ್ತರು ಹಾಕಿದ ರವಿಕೆಗೆ ಎಷ್ಟು ತೆಗೆದುಕೊಳ್ಳುತ್ತಾರೆಂದು ವಿಚಾರಿಸಿ. ಕೈಹೊಲಿಗೆ ಸೇರಿದರೆ ಈ ಜಾಕೀಟಿಗೆ ಹಿಡಿಯುವ ಹೊತ್ತು ಅದರ ಎರಡರಷ್ಟಾದರೂ ಆಗುತ್ತದೆ. ಕಸೂತಿಗೆ ಬೇರೆ ಲೆಕ್ಕ. ಇದನ್ನು ಹೇಳಿಕೊಳ್ಳಲು ನಾಚಿಕೆ ಏಕೆ? ಟೈಲರಿಗೆ ಕೊಡುವಾಗ ಅವರಿಗೆ ನಾಚಿಕೆಯಿಲ್ಲವಲ್ಲ.

ಬೇರೆಯವರ ಖಣಕ್ಕೆ ಕತ್ತರಿ ಹಾಕುವಾಗಲಂತೂ ಧೋತ್ರದ ಪರೀಕ್ಷೆ ತಪ್ಪಿಸಲೇಬೇಡಿ. ಆ ಖಣ ಯಾರ ಉಡಿಯಲ್ಲಿ ಬಂದದ್ದೋ!

ತೊಟ್ಟ ಮೇಲೆ ಜಾಕೀಟನ್ನು ನೆರಳಿನಲ್ಲಿ ಗಾಳಿಗೆ ಹರವಿ, ಮೆತ್ತನೆಯ ಹಳೆಯ ಕಾಟನ್ ಬಟ್ಟೆಯಲ್ಲಿ ಸುತ್ತಿಡಿ. ತಿಂಗಳು ಎರಡು ತಿಂಗಳಿಗೊಮ್ಮೆ ಹೊರತೆಗೆದು ಬೇರೆ ಜಾಗದಲ್ಲಿ ಮಡಿಸಿ. ನುಸಿಗುಳಿಗೆ ಬಟ್ಟೆಗೆ ನೇರವಾಗಿ ತಾಗದಿರಲಿ.

ನಡುವಿನ ಪಟ್ಟಿ ಉಳಿದಿದೆಯಲ್ಲ, ಅದರಲ್ಲಿ ಕೂಸಿಗೊಂದು ಕುಲಾವಿ ಆಗುತ್ತದೆ. ಬುಟ್ಟಾದ ಸಾಲು ಹಣೆಯ ಮೇಲೆ ಅಡ್ಡಡ್ಡ ಬರುವಂತೆ ಕತ್ತರಿಸಿ, ಒಳಗೆ ಮಲ್‌ಮಲ್ ಹಾಕಿ. ಕಟ್ಟುವ ದಾರಕ್ಕೂ ಅದರಲ್ಲೇ ಬಟ್ಟೆ ಮಿಗುತ್ತದೆ.